ಕೀನ್ಯಾ ಸಫಾರಿಗೆ ಹೋಗಿ ಬಂದಿದ್ದು: ಮಾತ್ರೆ, ಸೊಳ್ಳೆ, ನೊಣ, ಉಣುಗು

ಹೋದ ವರ್ಷ ಆಗಸ್ಟಲ್ಲಿ ನಾವು ಐದು ಜನ ಕೀನ್ಯಾಗೆ ಹೋಗಿದ್ವಿ, ನಾನು, ನಮ್ಮನೆಯವ್ರು, ಹತ್ತು ವರ್ಷದ ಮಗಳು, ಭಾವ, ಅಕ್ಕ. ನೈರೋಬಿ, ನೈವಾಶಾ, ಆಮೇಲೆ ಸಫಾರಿ ಕಾಡು ಮಸಾಯಿ ಮಾರಾದಲ್ಲಿ ನಾಲ್ಕು ರಾತ್ರಿ. ಈಗ ಯಾರಾದ್ರೂ ಫೋನ್ ಮಾಡಿ ಎಷ್ಟು ಖರ್ಚಾಯ್ತು, ಸಿಂಹ ಎಷ್ಟು ಕಂಡ್ವು ಅಂತ ಕೇಳಿದ್ರೆ ನಾನು ಮೊದ್ಲು ಕೇಳೋದು ವ್ಯಾಕ್ಸಿನ್ ಆಯ್ತಾ, ಮಲೇರಿಯಾ ಮಾತ್ರೆ ಬರೆಸ್ಕೊಂಡ್ರಾ ಅಂತ. ನಮ್ಮ ಮನೇಲೇ ಒಬ್ರು ಐಸಿಯು ಸೇರಿ ವಾಪಸ್ ಬಂದಿದಾರೆ, ಅದಕ್ಕೇ ಇಷ್ಟು ಬರೀತಿರೋದು.

ಮೊದ್ಲು ಯೆಲ್ಲೋ ಫೀವರ್ ಇಂಜೆಕ್ಷನ್. ಕೀನ್ಯಾಗೆ ಹೋಗಿ ಇಂಡಿಯಾಗೆ ವಾಪಸ್ ಬರ್ವಾಗ ಹಳದಿ ಕಾರ್ಡ್ ತೋರಿಸ್ಲೇಬೇಕು, ಇಲ್ಲಾಂದ್ರೆ ಆರು ದಿನದವರೆಗೂ ಕ್ವಾರಂಟೈನಲ್ಲಿ ಇಡಬಹುದು. ನಮ್ಮಲ್ಲಿ ಡೆಂಗ್ಯೂ ಹರಡೋ ಈಡಿಸ್ ಸೊಳ್ಳೆನೇ ಆ ಜ್ವರಾನೂ ಹರಡೋದು, ಸೊಳ್ಳೆ ಊರು ತುಂಬಾ ಇದೆ, ಕಾಯಿಲೆ ಮಾತ್ರ ಇನ್ನೂ ಬಂದಿಲ್ಲ, ಹಾಗಾಗಿ ಅಷ್ಟು ಸ್ಟ್ರಿಕ್ಟ್. ಸರ್ಕಾರ ಮಾನ್ಯತೆ ಕೊಟ್ಟಿರೋ ಸೆಂಟರಲ್ಲೇ ಹಾಕಿಸ್ಕೋಬೇಕು, ಹಾಕಿಸಿ ಹತ್ತು ದಿನ ಆದ್ಮೇಲೆನೇ ಕಾರ್ಡಿಗೆ ಬೆಲೆ, ಒಂದ್ಸಲ ಹಾಕಿಸಿದ್ರೆ ಜೀವಮಾನಕ್ಕೆ ಸಾಕು. ನಮ್ಮ ಭಾವನಿಗೆ 61, ಅರವತ್ತು ದಾಟಿದವ್ರಿಗೆ ಮೊದಲ ಸಲ ಹಾಕ್ವಾಗ ಸೈಡ್ ಎಫೆಕ್ಟ್ ಸಾಧ್ಯತೆ ಸ್ವಲ್ಪ ಜಾಸ್ತಿ ಅಂತ ಅವ್ರ ಹಳೇ ಕಾಯಿಲೆ, ಮಾತ್ರೆ ಎಲ್ಲಾ ವಿಚಾರಿಸಿ ಆಮೇಲೆ ಹಾಕಿದ್ರು. ಮೊಟ್ಟೆ ತಿಂದ್ರೆ ಜೋರು ಅಲರ್ಜಿ ಆಗೋರು ಮೊದ್ಲೇ ಹೇಳ್ಬೇಕು.

ಮಲೇರಿಯಾಗೆ ನಮ್ಮ ಡಾಕ್ಟ್ರು ಡಾಕ್ಸಿಸೈಕ್ಲಿನ್ ಬರೆದುಕೊಟ್ರು, ದೊಡ್ಡೋರಿಗೆ ದಿನಾ 100 ಮಿಲಿಗ್ರಾಂ, ಮಗಳಿಗೆ ತೂಕ ನೋಡಿ. ಎಂಟು ವರ್ಷದ ಒಳಗಿನ ಮಕ್ಕಳಿಗೆ, ಬಸುರಿಯರಿಗೆ ಇದು ಕೊಡಲ್ಲ, ಅವ್ರಿಗೆ ಬೇರೆ ಔಷಧಿ ಇದೆ, ಅದಕ್ಕೇ ಮೆಡಿಕಲ್ ಶಾಪಲ್ಲಿ ಕೇಳಿ ತಗೋಬೇಡಿ. ಹೊರಡೋಕೆ ಎರಡು ದಿನ ಮುಂಚೆ ಶುರು, ಅಲ್ಲಿರೋ ಅಷ್ಟೂ ದಿನ, ವಾಪಸ್ ಬಂದು ಇನ್ನೂ ನಾಲ್ಕು ವಾರ. ನಾವು ಬೆಳಗ್ಗೆ ತಿಂಡಿ ಆದ್ಮೇಲೆ ದೊಡ್ಡ ಲೋಟ ನೀರಲ್ಲಿ ನುಂಗ್ತಿದ್ವಿ, ನುಂಗಿದ ತಕ್ಷಣ ಮಲಗಬಾರದು, ಮಾತ್ರೆ ಅನ್ನನಾಳದಲ್ಲಿ ಅಂಟ್ಕೊಂಡ್ರೆ ಎದೆ ಉರಿ ತಡ್ಕೊಳೋಕಾಗಲ್ಲ. ಹಾಲಿನ ಜೊತೆ, ಗ್ಯಾಸ್ ಮಾತ್ರೆ ಜೊತೆ ತಗೊಂಡ್ರೆ ಸರಿಯಾಗಿ ಮೈಗೆ ಹಿಡಿಯಲ್ಲ. ಇನ್ನೊಂದು, ಇದು ತಗೊಂಡಾಗ ಬಿಸಿಲಿಗೆ ಚರ್ಮ ಬೇಗ ಸುಡತ್ತೆ, ತೆರೆದ ಜೀಪಲ್ಲಿ ಒಂದೇ ಬೆಳಗ್ಗೆಗೆ ನನ್ನ ಕತ್ತಿನ ಹಿಂದೆ ಕೆಂಪಗಾಗಿ ರಾತ್ರಿ ದಿಂಬು ತಾಗಿಸೋಕೂ ಆಗ್ಲಿಲ್ಲ, ಮಾರನೇ ದಿನದಿಂದ ದುಪಟ್ಟಾ ಸುತ್ಕೊಂಡೇ ಕೂತೆ.

ಮಾತ್ರೆ ಇದೆ ಅಂತ ಸೊಳ್ಳೆ ಕಚ್ಚಿಸ್ಕೋಬಾರದು. ಮಲೇರಿಯಾ ಸೊಳ್ಳೆ ಕಚ್ಚೋದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ಮಾರಾ ಸಮುದ್ರಮಟ್ಟದಿಂದ 1500 ಮೀಟರಿಗಿಂತ ಎತ್ತರದಲ್ಲಿದೆ, ಆಗಸ್ಟಲ್ಲಿ ರಾತ್ರಿ ಸ್ವೆಟರ್ ಬೇಕು, ಆ ಚಳಿ ನೋಡಿ ಇಲ್ಲೆಲ್ಲಿ ಸೊಳ್ಳೆ ಅನ್ಸತ್ತೆ, ಆದ್ರೆ ಇರ್ತಾವೆ. ಸಂಜೆ ಐದೂವರೆಗೆಲ್ಲ ಉದ್ದ ತೋಳು, ಸಾಕ್ಸ್, ಕಾಲಿನ ಗಿಣ್ಣಿಗೆ, ಕಿವಿ ಹಿಂದೆ ಡೀಟ್ ಅನ್ನೋ ಸೊಳ್ಳೆ ಓಡಿಸೋ ಔಷಧಿ ಇರೋ ಲೋಷನ್. ಸನ್‌ಸ್ಕ್ರೀನ್ ಮೊದ್ಲು, ಅದು ಇಂಗಿದ್ಮೇಲೆ ಸೊಳ್ಳೆದು. ಟೆಂಟಲ್ಲಿ ಪರದೆ ಕಟ್ಟಿರ್ತಾರೆ, ನಾನು ಮಲಗೋ ಮುಂಚೆ ಟಾರ್ಚ್ ಹಾಕಿ ಒಳಗೊಂದು ಸುತ್ತು ನೋಡಿ, ಅಂಚನ್ನ ಹಾಸಿಗೆ ಕೆಳಗೆ ಸಿಕ್ಕಿಸಿನೇ ಮಲಗ್ತಿದ್ದಿದ್ದು.

ಹಗಲು ಕಾಟ ಕೊಟ್ಟಿದ್ದು ತ್ಸೆತ್ಸೆ ನೊಣ. ನಮ್ಮ ಕಡೆ ದನಕ್ಕೆ ಕಚ್ಚೋ ತೊಣಚಿ ನೋಡಿರ್ತೀರಲ್ಲ, ಹೆಚ್ಚು ಕಮ್ಮಿ ಅದರ ಹಾಗೇ, ಕೂತಾಗ ಎರಡೂ ರೆಕ್ಕೆ ಒಂದರ ಮೇಲೊಂದು ಕತ್ತರಿ ಮುಚ್ಚಿದ ಹಾಗೆ ಮಡಚ್ಕೊಂಡಿರತ್ತೆ, ಅದೇ ಗುರುತು. ಪೊದೆ ಜಾಸ್ತಿ ಇರೋ ಕಡೆ ಜೀಪ್ ಹೋಗ್ತಿದ್ರೆ ಹಿಂದೆನೇ ಬರ್ತಾವೆ, ಓಡಾಡೋ ದೊಡ್ಡ ಆಕಾರ ಅಂದ್ರೆ ಅವಕ್ಕೆ ಪ್ರಾಣಿ ಅಂತ. ಕಚ್ಚಿದ್ರೆ ಗೋಣಿಚೀಲ ಹೊಲಿಯೋ ದಬ್ಬಣ ಚುಚ್ಚಿದ ಹಾಗೆ, ಅದೂ ಬಟ್ಟೆ ಮೇಲಿಂದಾನೇ, ಪಟ್ ಅಂತ ಹೊಡೆದ್ರೂ ಸಾಯಲ್ಲ, ಮೈ ಅಷ್ಟು ಗಟ್ಟಿ. ಲೋಷನ್ನಿಗೂ ಅಷ್ಟಾಗಿ ಬಗ್ಗಲ್ಲ. ಅವಕ್ಕೆ ನೀಲಿ, ಕಪ್ಪು ಬಣ್ಣ ಅಂದ್ರೆ ಬಹಳ ಇಷ್ಟ, ಆಫ್ರಿಕಾದಲ್ಲಿ ಎಷ್ಟೋ ಕಡೆ ನೀಲಿ-ಕಪ್ಪು ಬಟ್ಟೆಗೆ ಕೀಟನಾಶಕ ಹಾಕಿ ಮರಕ್ಕೆ ನೇತು ಹಾಕಿ ಅದರಿಂದಾನೇ ಇವನ್ನ ಕೊಲ್ತಾರೆ. ಅಕ್ಕ ಅವತ್ತು ಹಾಕ್ಕೊಂಡಿದ್ದು ನೇವಿ ಬ್ಲೂ ಕುರ್ತಾ! ನನಗೆ ಒಂದು ಕಚ್ಚಿದ್ರೆ ಅವರಿಗೆ ನಾಲ್ಕು. ಜೀನ್ಸೂ ಬೇಡ, ಬೂದು, ಖಾಕಿ, ಮಣ್ಣಿನ ಬಣ್ಣ ತಗೊಂಡೋಗಿ, ಆದ್ರೆ ಮಿಲಿಟರಿ ಡಿಸೈನ್ ಬೇಡ್ವೇ ಬೇಡ, ಕೀನ್ಯಾದಲ್ಲಿ ಸಾಮಾನ್ಯರು ಅದನ್ನ ಹಾಕೋ ಹಾಗಿಲ್ಲ. ನಿದ್ರೆ ಕಾಯಿಲೆ ಹರಡೋದು ಇದೇ ನೊಣ, ಪ್ರವಾಸಿಗಳಿಗೆ ಬರೋದು ತೀರಾ ಅಪರೂಪ, ಆದ್ರೂ ಕಚ್ಚಿದ ಜಾಗ ಗಡ್ಡೆ ಥರ ಊದಿ ಹುಣ್ಣಾಗಿ ಜ್ವರ ಬಂದ್ರೆ ಡಾಕ್ಟ್ರ ಹತ್ರ ಓಡ್ಬೇಕು. ಅಕ್ಕನಿಗೆ ನಾಲ್ಕು ದಿನ ತುರಿಕೆ ಇತ್ತು ಅಷ್ಟೇ.

ಮಾರಾ ಪಕ್ಕದ ಕನ್ಸರ್ವೆನ್ಸಿಲಿ, ಅಂದ್ರೆ ಪ್ರಾಣಿಗಳಿಗೆ ಅಂತ ಬಿಟ್ಟಿರೋ ಜಾಗದಲ್ಲಿ, ಒಂದು ಬೆಳಗ್ಗೆ ಅಲ್ಲಿನ ಮಸಾಯಿ ಜನಾಂಗದ ಗೈಡ್ ಜೊತೆ ನಡ್ಕೊಂಡು ಹೋದ್ವಿ. ನಂದು ತೀರ್ಥಹಳ್ಳಿ ಕಡೆ, ಉಣುಗು ಅಂದ್ರೆ ಏನು ಅಂತ ನನಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ, 1957ರಲ್ಲಿ ಕ್ಯಾಸನೂರಲ್ಲಿ ಕಂಡ, ಉಣುಗಿಂದ ಹರಡೋ ಮಂಗನ ಕಾಯಿಲೆ ಇವತ್ತಿಗೂ ನಮ್ಮ ಕಡೆ ಬೇಸಿಗೆ ಬಂತಂದ್ರೆ ಭಯ, ತೋಟಕ್ಕೆ, ಕಾಡಿಗೆ ಹೋಗೋರು ಆರೋಗ್ಯ ಇಲಾಖೆ ಕೊಟ್ಟ ಎಣ್ಣೆ ಕೈಕಾಲಿಗೆ ಹಚ್ಕೊಂಡೇ ಹೋಗೋದು. ಆಫ್ರಿಕಾದ ಉಣುಗು ತರೋ ಜ್ವರ ಬೇರೆ, ಆದ್ರೆ ಜಾಗ್ರತೆ ಒಂದೇ. ಪ್ಯಾಂಟನ್ನ ಸಾಕ್ಸ್ ಒಳಗೆ ತೂರಿಸ್ಬೇಕು, ವಾಪಸ್ ಬಂದ ತಕ್ಷಣ ಸ್ನಾನ ಮಾಡಿ ಮೈಯೆಲ್ಲಾ ಹುಡುಕ್ಬೇಕು. ಮಗಳ ಮಂಡಿ ಹಿಂದೆ ಒಂದು ಸಿಕ್ತು, ಎಳ್ಳಿನಷ್ಟೇ, ಮಚ್ಚೆ ಅನ್ಕೋಬೇಕು ಹಾಗಿತ್ತು. ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡ್ದು ತಿರುಚದೆ ನಿಧಾನಕ್ಕೆ ನೇರ ಎಳೆದೆ, ಇಡಿಯಾಗಿ ಬಂತು. ಸೀಮೆಎಣ್ಣೆ ಹಾಕೋದು, ಬೆಂಕಿಕಡ್ಡಿ ತಾಗಿಸೋದು ಮಾಡ್ಬೇಡಿ. ಆಮೇಲೆ ಎರಡು ವಾರ ಆ ಜಾಗದಲ್ಲಿ ಅಲ್ಲಿನ ಉಣುಗು ಜ್ವರದ ಗುರುತಾದ ಕಪ್ಪು ಹಕ್ಕಳೆ ಬರತ್ತಾ ಅಂತ ದಿನಾ ನೋಡ್ತಿದ್ದೆ, ಬರ್ಲಿಲ್ಲ.

ನೀರಿನ ವಿಷ್ಯ: ಅಲ್ಲಿನ ಕೆರೆ, ಹೊಳೆ ಎಷ್ಟೇ ತಿಳಿಯಾಗಿ ಕಂಡ್ರೂ ಕಾಲು ಇಳಿಬಿಡಬೇಡಿ, ಬಸವನಹುಳದಿಂದ ಹೊರಗೆ ಬರೋ, ಬಿಲ್ಹಾರ್ಜಿಯಾ ಅನ್ನೋ ಕಾಯಿಲೆ ತರೋ ಹುಳ ಕೆಲವೇ ನಿಮಿಷದಲ್ಲಿ ಚರ್ಮದ ಮೂಲಕನೇ ಒಳಗೆ ಹೋಗತ್ತೆ. ಬರಿಗಾಲಲ್ಲೂ ಬೇಡ, ಮಣ್ಣಲ್ಲಿರೋ ಚಿಗಟ ಕಾಲುಗುರು ಸಂದಿಯಲ್ಲಿ ಕೊರ್ಕೊಂಡು ಸೇರತ್ತೆ. ಹೊರಗೆ ಒಣಗಿಸಿದ ಬಟ್ಟೆ ಇಸ್ತ್ರಿ ಮಾಡ್ದೇ ಹಾಕ್ಕೋಬೇಡಿ, ಒಂದು ಜಾತಿ ನೊಣ ಒದ್ದೆ ಬಟ್ಟೆ ಮೇಲೆ ಮೊಟ್ಟೆ ಇಡತ್ತೆ. ಪಾರ್ಕುಗಳಲ್ಲಿ ಒಂದ್ಸಲ ಬಳಸಿ ಬಿಸಾಕೋ ಪ್ಲಾಸ್ಟಿಕ್ ಬಾಟಲಿ 2020ರಿಂದ ಬ್ಯಾನ್, ಸ್ಟೀಲ್ ಬಾಟಲಿಲಿ ಕ್ಯಾಂಪಿನ ಫಿಲ್ಟರ್ ನೀರು ತುಂಬ್ಕೊಳಿ, ಹಲ್ಲುಜ್ಜೋಕೂ ಅದೇ ನೀರು. ಊಟ ಬಿಸಿಬಿಸಿಯಾಗಿರೋದು ಮಾತ್ರ, ಹೆಚ್ಚಿಟ್ಟ ಸಲಾಡ್ ನಾವು ಮುಟ್ಟಲೇ ಇಲ್ಲ, ಅವಲಕ್ಕಿ ಚಟ್ನಿಪುಡಿ ಓಆರ್‌ಎಸ್ ಪ್ಯಾಕೆಟ್ ಬ್ಯಾಗಲ್ಲಿತ್ತು, ಯಾರ ಹೊಟ್ಟೆನೂ ಕೆಡಲಿಲ್ಲ.

ಎಲ್ಲಾ ಸರಿಯಾಗೇ ಆಗಿ ಬೆಂಗಳೂರಿಗೆ ಬಂದ್ವಿ. ಭಾವ ಬಂದ ಮೂರನೇ ದಿನಕ್ಕೆ ಮಾತ್ರೆ ನಿಲ್ಲಿಸಿದ್ರು, ಇನ್ಯಾಕೆ ಬೇಕು ಬಂದಾಯ್ತಲ್ಲ ಅಂತ, ನಮಗೆ ಗೊತ್ತೇ ಇಲ್ಲ. ಹದಿಮೂರನೇ ದಿನ ಚಳಿಜ್ವರ, ತಲೆನೋವು. ಮನೆ ಹತ್ರದ ಕ್ಲಿನಿಕ್ಕಲ್ಲಿ ಡೆಂಗ್ಯೂ ಟೆಸ್ಟ್ ಮಾಡಿ ನೆಗೆಟಿವ್ ಬಂತು, ವೈರಲ್ ಅಂತ ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದ್ರು. ಮಾರನೇ ದಿನ ಅಕ್ಕ ಫೋನ್ ಮಾಡಿ "ಇವ್ರು ಏನೇನೋ ಮಾತಾಡ್ತಿದಾರೆ ಕಣೇ, ನನ್ನ ಗುರುತೇ ಹಿಡೀತಿಲ್ಲ" ಅಂದ್ರು. ನಾನು ಕೇಳಿದ ಮೊದಲ ಪ್ರಶ್ನೆ, "ಅಕ್ಕಾ, ಕೀನ್ಯಾಗೆ ಹೋಗಿದ್ದು ಕ್ಲಿನಿಕ್ಕಲ್ಲಿ ಹೇಳಿದ್ರಾ?" "ಅವ್ರು ಕೇಳ್ಲಿಲ್ಲ, ನಾವೂ ಹೇಳ್ಲಿಲ್ಲ."

ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗಿ ಎಮರ್ಜೆನ್ಸಿ ಬಾಗಿಲಲ್ಲೇ ಆಫ್ರಿಕಾದಿಂದ ಬಂದು ಎರಡು ವಾರ ಆಯ್ತು ಅಂದ್ವಿ. ಆಗಲೇ ಬೆರಳಿಂದ ರಕ್ತ ತೆಗ್ದು ಟೆಸ್ಟ್ ಮಾಡಿದ್ರು, ಫಾಲ್ಸಿಪಾರಂ ಮಲೇರಿಯಾ, ಮೆದುಳಿಗೆ ಏರೋದು ಇದೇ. ಮೂರು ದಿನ ಐಸಿಯು, ಆರ್ಟಿಸುನೇಟ್ ಇಂಜೆಕ್ಷನ್, ಆಮೇಲೆ ಮಾತ್ರೆ. ನಾಲ್ಕು ವಾರ ಯಾಕೆ ನುಂಗ್ಬೇಕು ಅನ್ನೋದನ್ನ ಅಲ್ಲಿನ ಡಾಕ್ಟ್ರು ಬಿಡಿಸಿ ಹೇಳಿದ್ರು: ಸೊಳ್ಳೆ ಕಚ್ಚಿದ್ಮೇಲೆ ಪರಾವಲಂಬಿ ಮೊದ್ಲು ಲಿವರಲ್ಲಿ ಬಚ್ಚಿಟ್ಕೊಂಡು ಬೆಳೆಯತ್ತೆ, ಆಗ ಮೈಯಲ್ಲಿ ಏನೂ ಗೊತ್ತಾಗಲ್ಲ, ಅದು ರಕ್ತಕ್ಕೆ ಇಳಿದಾಗ ಡಾಕ್ಸಿಸೈಕ್ಲಿನ್ ಅಲ್ಲಿ ಕಾಯ್ತಾ ಇರ್ಬೇಕು. ಕೊನೇ ದಿನ ಕಚ್ಚಿದ ಸೊಳ್ಳೆಗೂ ಸೇರಿಸಿನೇ ಆ ಲೆಕ್ಕ.

ಒಂದು ವರ್ಷದವರೆಗೂ ಯಾವ ಜ್ವರ ಬಂದ್ರೂ ಪ್ರಯಾಣದ ವಿಷ್ಯ ಮೊದ್ಲು ಹೇಳಿ, ಒಂದು ಟೆಸ್ಟ್ ನೆಗೆಟಿವ್ ಬಂದ್ರೂ ಮತ್ತೆ ಮಾಡಿಸಿ ಅಂತಲೂ ಅಂದ್ರು. ನವೆಂಬರಲ್ಲಿ ಮಗಳಿಗೆ ಜ್ವರ ಬಂತು, ಮಾತ್ರೆ ಅವಳು 28 ದಿನಾನೂ ಕ್ಯಾಲೆಂಡರಲ್ಲಿ ಟಿಕ್ ಹಾಕ್ಕೊಂಡು ಮುಗಿಸಿದ್ಲು, ಆದ್ರೂ ಮಕ್ಕಳ ಡಾಕ್ಟ್ರ ಎದುರು ಕೂತ ತಕ್ಷಣ ಆಗಸ್ಟಲ್ಲಿ ಕೀನ್ಯಾಗೆ ಹೋಗಿದ್ವಿ ಅಂದೆ. ಎರಡು ದಿನದಲ್ಲಿ ಎರಡು ಸಲ ರಕ್ತ ನೋಡಿದ್ರು, ಮಲೇರಿಯಾ ಇರ್ಲಿಲ್ಲ, ಗಂಟಲು ಇನ್‌ಫೆಕ್ಷನ್.