ಹಳೇ ಸೆಟ್ಟಿಗೆ ವಾರಂಟಿ ಯಾರದು, ಪಾರ್ಟ್ಸ್ ಎಲ್ಲಿಯದು

ತುಮಕೂರಿನಲ್ಲಿ ಹಳೇ ಆಡಿಯೋ ಸೆಟ್ ಹೆಚ್ಚಾಗಿ ಮೂರು ಕಡೆಯಿಂದ ಬರುತ್ತದೆ. ಸೌಂಡ್ ಸರ್ವೀಸಿನವರು ಮಾರಿಬಿಡುವ ಆಂಪ್ಲಿಫೈಯರ್, ಬೆಂಗಳೂರಿನ ಭಾನುವಾರದ ಸಂತೆಯ ಮಾಲು, ಹೊರದೇಶದಿಂದ ತಂದು ಆನ್‌ಲೈನಿನಲ್ಲಿ ಹಾಕುವ ಕ್ಯಾಸೆಟ್ ಡೆಕ್ಕು, ರಿಸೀವರ್. ಎಲ್ಲರೂ ‘ವಾರಂಟಿ ಇದೆ ಸಾರ್’ ಅನ್ನುತ್ತಾರೆ. ಕಂಪನಿಯದೋ ಅಂಗಡಿಯದೋ ಅಂತ ಮೊದಲು ಕೇಳಿ.

ಕಂಪನಿಯದು ಅಂದರೆ ಡಬ್ಬ ತೋರಿಸಲಿ. 2011ರ ಪ್ಯಾಕೇಜ್ ನಿಯಮದ ಪ್ರಕಾರ ಆಮದಾದ ಮಾಲಿನ ಡಬ್ಬದ ಮೇಲೆ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ, ಗ್ರಾಹಕರು ದೂರು ಹೇಳುವ ಫೋನ್ ನಂಬರ್ ಇರಬೇಕು. ಆ ಚೀಟಿ ಇಲ್ಲದ ಹೊಸ ಸೆಟ್ ಕಂಪನಿಯ ದಾರಿಯಲ್ಲಿ ಬಂದದ್ದಲ್ಲ ಅಂತಲೇ ಲೆಕ್ಕ ಹಾಕಿ. ಸೀರಿಯಲ್ ನಂಬರಿನ ಫೋಟೋ ತೆಗೆದು ಕಂಪನಿಯ ಭಾರತದ ಗ್ರಾಹಕ ಸೇವೆಗೆ ಇಮೇಲ್ ಮಾಡಿ. ಈ ನಂಬರ್ ಇಲ್ಲಿ ಮಾರಿದ್ದೇ, ವಾರಂಟಿ ಎರಡನೇ ಮಾಲೀಕರಿಗೂ ನಡೆಯುತ್ತದೆಯೇ, ಇಲ್ಲದಿದ್ದರೆ ದುಡ್ಡು ಕೊಟ್ಟಾದರೂ ರಿಪೇರಿ ಮಾಡುತ್ತೀರಾ ಅಂತ ಮೂರು ಪ್ರಶ್ನೆ ಸಾಕು. ಮೂರನೆಯದನ್ನು ಬಿಡಬೇಡಿ. ಇಲ್ಲಿ ಮಾರದ ಮಾಡೆಲ್ ಆದರೆ ಅದರ ಪಾರ್ಟ್ಸ್ ತರಿಸಲು ಸರ್ವೀಸ್ ಸೆಂಟರಿನವರಿಗೂ ದಾರಿ ಇಲ್ಲದಿರಬಹುದು.

ಅಂಗಡಿಯ ವಾರಂಟಿಯಾದರೆ ಎಲ್ಲವೂ ಬಿಲ್ಲಿನಲ್ಲೇ ಬರಬೇಕು: ಮಾಡೆಲ್, ಸೀರಿಯಲ್ ನಂಬರ್, ಎಷ್ಟು ತಿಂಗಳು, ಪಾರ್ಟ್ಸ್ ಮತ್ತು ಕೂಲಿ ಎರಡೂ ಸೇರಿದೆಯೇ, ಸಾಗಾಣಿಕೆ ಖರ್ಚು ಯಾರದು, ಸರಿಹೋಗದಿದ್ದರೆ ಹಣ ವಾಪಸ್ಸೋ ಬದಲಿ ಸೆಟ್ಟೋ. ಕಚ್ಚಾ ಬಿಲ್ ಬೇಡ. ಜಿಎಸ್‌ಟಿ ನಂಬರಿಗೆ 15 ಅಕ್ಷರ, ಕರ್ನಾಟಕದ್ದಾದರೆ 29ರಿಂದ ಶುರು. ಅಂಗಡಿಯವರು ಕೈಯೆತ್ತಿದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ 2 ವರ್ಷದೊಳಗೆ ದೂರು ಹಾಕಬಹುದು. ಮಾಲಿಗೆ ನೀವು ಕೊಟ್ಟದ್ದು 5 ಲಕ್ಷದವರೆಗಾದರೆ ಶುಲ್ಕವಿಲ್ಲ. ಮನೆಯಲ್ಲಿದ್ದ ಸೆಟ್ ಮಾರುವ ಖಾಸಗಿ ವ್ಯಕ್ತಿಯ ಮೇಲೆ ಮಾತ್ರ ಈ ದಾರಿ ಅಷ್ಟಾಗಿ ನಡೆಯದು. ಅಂಥ ಕಡೆ ಬೆಲೆಯಲ್ಲೇ ರಿಪೇರಿ ಖರ್ಚು ಕಳೆದು ಮಾತಾಡಬೇಕು.

ಇನ್ನು ಕರೆಂಟು. ಜಪಾನಿನ ಮನೆ ಸೆಟ್ 100 ವೋಲ್ಟಿನದು, ಅಮೆರಿಕದ್ದು 120. ನೇರ 230ಕ್ಕೆ ಸಿಕ್ಕಿಸಿದರೆ ಫ್ಯೂಸಷ್ಟೇ ಹೋದರೆ ಅದೃಷ್ಟ. ಹಿಂಬದಿಯಲ್ಲಿ ವೋಲ್ಟೇಜ್ ಸ್ವಿಚ್ ಇದ್ದರೆ ಪ್ಲಗ್ ಕಿತ್ತು 220 ಅಥವಾ 240ಕ್ಕೆ ತಿರುಗಿಸಿ. ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ ಇರುವ ಸ್ಟೆಪ್ ಡೌನ್ ಬೇಕು. ಹಿಂದೆ ಬರೆದ ವ್ಯಾಟಿನ ಒಂದೂವರೆ ಪಟ್ಟಾದರೂ ಇರಲಿ: 300 ವ್ಯಾಟಿಗೆ 500 ವಿಎ. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವುದು 110 ವೋಲ್ಟಿನದು. ರಾತ್ರಿ ಲೈನು 245ಕ್ಕೆ ಏರಿದರೆ ಅದರಿಂದ 117 ಹೊರಡುತ್ತದೆ, ಜಪಾನಿನ ಸೆಟ್ಟಿಗೆ ಅದು ವಿಪರೀತ. 100 ವೋಲ್ಟಿನದನ್ನೇ ಕೇಳಿ, ಇಲ್ಲದಿದ್ದರೆ ವೈಂಡಿಂಗ್ ಮಾಡುವವರಲ್ಲಿ ಸುತ್ತಿಸಿಕೊಳ್ಳಿ. ಪ್ರವಾಸಕ್ಕೆಂದು ಮಾರುವ ಹಗುರ ಕನ್ವರ್ಟರ್ ಹತ್ತಿರವೂ ತರಬೇಡಿ.

ಸ್ಟೆಪ್ ಡೌನ್ ವೋಲ್ಟೇಜ್ ಇಳಿಸುತ್ತದೆ, 50 ಹರ್ಟ್ಸ್ 50 ಆಗಿಯೇ ಉಳಿಯುತ್ತದೆ. ಹಾಗಾಗಿ 60 ಹರ್ಟ್ಸ್‌ನ ಎಸಿ ಮೋಟಾರಿರುವ ರೆಕಾರ್ಡ್ ಪ್ಲೇಯರ್ ನಿಮಿಷಕ್ಕೆ 33⅓ರ ಬದಲು ಸುಮಾರು 27.8 ಸುತ್ತು ತಿರುಗಿ ಹಾಡು ಎಳೆಯುತ್ತದೆ. 50 ಹರ್ಟ್ಸ್ ಪುಲ್ಲಿ ಸಿಗದಿದ್ದರೆ ಬಿಡಿ. ಡಿಸಿ ಮೋಟಾರಿನದಕ್ಕೆ ಈ ರಗಳೆ ಇಲ್ಲ. ರೇಡಿಯೋ ಆಸೆಯಿದ್ದರೆ ಇನ್ನೊಂದು: ಜಪಾನಿನ ಎಫ್‌ಎಂ ಹಳೆಯದಾದರೆ 90ಕ್ಕೆ, ಆಮೇಲಿನದಾದರೆ 95 ಮೆಗಾಹರ್ಟ್ಸ್‌ಗೆ ನಿಲ್ಲುತ್ತದೆ, 101.3ರ ಬೆಂಗಳೂರು ಆಕಾಶವಾಣಿ ಎಫ್‌ಎಂ ಕಾಮನಬಿಲ್ಲು ಅದಕ್ಕೆ ಎಟುಕುವುದಿಲ್ಲ. ಅಮೆರಿಕದ ಡಿಜಿಟಲ್ ಟ್ಯೂನರ್ ಎಎಂನಲ್ಲಿ 10 ಕಿಲೋಹರ್ಟ್ಸ್ ಹೆಜ್ಜೆ ಹಾಕುವುದರಿಂದ ಬೆಂಗಳೂರು ಆಕಾಶವಾಣಿಯ 612ರ ಮೇಲೆ ಸರಿಯಾಗಿ ನಿಲ್ಲದು.

ದುಡ್ಡು ಕೊಡುವ ಮುಂಚೆ ಸೀರೀಸ್ ಬೋರ್ಡಿನಲ್ಲಿ ನೋಡಿ. 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬನ್ನು ಫೇಸಿಗೆ ಸೀರೀಸ್ ಹಾಕಿ, ಸ್ಪೀಕರ್ ಕಳಚಿ, ಆನ್ ಮಾಡಿ. ಬಲ್ಬು ಒಂದು ಕ್ಷಣ ಬೆಳಗಿ ಮಂಕಾದರೆ ಒಳ್ಳೆಯದು, ಬೆಳಗುತ್ತಲೇ ಇದ್ದರೆ ಒಳಗೆ ಶಾರ್ಟ್. (ಎಸ್‌ಎಂಪಿಎಸ್ ಅನ್ನುವ ಹಗುರ ಸ್ವಿಚಿಂಗ್ ಸಪ್ಲೈ ಇರುವ ಹೊಸ ಆಂಪಿಗೆ ಈ ಪರೀಕ್ಷೆಯನ್ನು ನಂಬಬೇಡಿ.) ಆಮೇಲೆ ಬಲ್ಬಿಲ್ಲದೆ, ಆ ಸೆಟ್ಟಿನ ವೋಲ್ಟಿನಲ್ಲೇ ಕರೆಂಟು ಕೊಟ್ಟು, ಕೆಲವು ಸೆಕೆಂಡಿನಲ್ಲಿ ಸ್ಪೀಕರ್ ಜೋಡಿಸುವ ರಿಲೇ ಟಕ್ ಅನ್ನುತ್ತದೆಯೇ ಕೇಳಿ. ವಾಲ್ಯೂಮ್ ಸೊನ್ನೆಯಲ್ಲಿಟ್ಟು ಪ್ರತಿ ಚಾನೆಲ್ಲಿನ ಸ್ಪೀಕರ್ ಟರ್ಮಿನಲ್ಲಿನ ಎರಡು ತುದಿಯ ನಡುವೆ ಮೀಟರಿನಲ್ಲಿ ಡಿಸಿ ವೋಲ್ಟೇಜ್ ಅಳೆಯಿರಿ. 50 ಮಿಲಿವೋಲ್ಟಿನೊಳಗಿದ್ದರೆ ಪರವಾಗಿಲ್ಲ, 100 ದಾಟಿದರೆ ಕೆಲಸ ಇದೆ. ಅರ್ಧ ಗಂಟೆ ಬಿಸಿಯಾಗಲು ಬಿಟ್ಟು ಮತ್ತೆ ಅಳೆಯಿರಿ. ಕೆಲವು ರೋಗ ಬಿಸಿಯಾದ ಮೇಲೇ ಕಾಣುವುದು.

ಪಾರ್ಟ್ಸ್ ವಿಷಯದಲ್ಲಿ ಒಂದೇ ಲೆಕ್ಕ: ಬೇರೆ ಸೆಟ್ಟಿಗೂ ಹೊಂದುವ ಪಾರ್ಟು ಸಿಗುತ್ತದೆ, ಆ ಕಂಪನಿ ಆ ಮಾಡೆಲ್ಲಿಗೇ ಮಾಡಿದ್ದು ಸಿಗುವುದಿಲ್ಲ. ಕೆಪಾಸಿಟರ್, ರಿಲೇ, ಟ್ರಾನ್ಸಿಸ್ಟರ್, ಬೆಲ್ಟ್, ಸ್ಪೀಕರ್ ಫೋಮ್ ಮೊದಲ ಗುಂಪು. ಡಿಸ್‌ಪ್ಲೇ, ಪ್ರೊಸೆಸರ್ ಐಸಿ, ಟಿವಿಗೆ ಜೋಡಿಸುವ ಎವಿ ರಿಸೀವರಿನ ಎಚ್‌ಡಿಎಂಐ ಬೋರ್ಡ್ ಎರಡನೆಯದು. ಬಿಲ್ಲಿಲ್ಲದ ಎವಿ ರಿಸೀವರಿಗಿಂತ ಹಳೇ ಸಾದಾ ಸ್ಟೀರಿಯೋ ಆಂಪ್ ಎಷ್ಟೋ ವಾಸಿ ಅನ್ನುವುದು ಇದಕ್ಕೇ.

ಪಾರ್ಟ್ಸ್ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವುದಿದ್ದರೆ ವಾರದ ದಿನ ಹೋಗಿ, ‘ಆಂಪಿನ ಕೆಪಾಸಿಟರ್ ಕೊಡಿ’ ಅನ್ನದೆ ಅಳತೆ ಬರೆದುಕೊಂಡು ಹೋಗಿ. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟು ಹಳೆಯದಕ್ಕಿಂತ ಕಡಿಮೆ ಬೇಡ, 105 ಡಿಗ್ರಿಯದು ಕೇಳಿ, ಅಡ್ಡಳತೆ ಮತ್ತು ಕಾಲಿನ ಅಂತರವೂ ಬೇಕು. ಬಿಚ್ಚುವ ಮುನ್ನ ಪ್ಲಗ್ ಕಿತ್ತು, ದೊಡ್ಡ ಕೆಪಾಸಿಟರಿಗೆ 100 ಓಮ್, 10 ವ್ಯಾಟಿನ ರೆಸಿಸ್ಟರ್ ಹಿಡಿದು ಖಾಲಿ ಮಾಡಿ, ಮೀಟರಿನಲ್ಲಿ ಖಚಿತಪಡಿಸಿಕೊಳ್ಳಿ. ಡೆಕ್ಕಿನ ಬೆಲ್ಟ್ ಕರಗಿ ಅಂಟಾಗಿದ್ದರೆ ಪುಲ್ಲಿಗಳ ಸುತ್ತ ದಾರ ಹಾಯಿಸಿ ಅಳೆದು, ಅದಕ್ಕಿಂತ ನೂರಕ್ಕೆ 5ರಿಂದ 10 ಕಡಿಮೆ ಸುತ್ತಳತೆಯದು ತನ್ನಿ.

ಮೋಸ ಹೆಚ್ಚಾಗಿರುವುದು ಔಟ್‌ಪುಟ್ ಟ್ರಾನ್ಸಿಸ್ಟರಿನಲ್ಲಿ. ಸಿ5200, ಎ1943 ಜೋಡಿಯಲ್ಲಿ ನಕಲಿ ತುಂಬಾ. ಒಳಗಿನ ಚಿಪ್ ಸಣ್ಣದು, ಮನೆಯಲ್ಲಿ ಮೆಲ್ಲಗೆ ಹಾಡುತ್ತದೆ, ಜಾತ್ರೆಯಲ್ಲಿ ವಾಲ್ಯೂಮ್ ಏರಿಸಿದ ಕೂಡಲೇ ಸುಡುತ್ತದೆ. ಒಂದು ಹೆಚ್ಚಿಗೆ ಕೊಂಡು ಒಡೆದು, ಸತ್ತ ಅಸಲಿಯದರ ಚಿಪ್ಪಿನ ಪಕ್ಕ ಇಟ್ಟು ನೋಡಿ. ಆ ಚಾನೆಲ್ಲಿನ ಜೋಡಿಗಳನ್ನೆಲ್ಲ ಒಟ್ಟಿಗೇ ಬದಲಿಸಿ, ಡ್ರೈವರ್ ಟ್ರಾನ್ಸಿಸ್ಟರ್ ಮತ್ತು ಎಮಿಟರಿನ 0.22 ಓಮ್ ರೆಸಿಸ್ಟರುಗಳನ್ನು ಪರೀಕ್ಷಿಸಿ, ಸೀರೀಸ್ ಬೋರ್ಡಿನಲ್ಲೇ ಮೊದಲು ಆನ್ ಮಾಡಿ. ರಿಪೇರಿಗೆ ಕೊಟ್ಟಿದ್ದರೆ ತೆಗೆದ ಹಳೇ ಪಾರ್ಟುಗಳನ್ನು ಮೆಕ್ಯಾನಿಕ್‌ನಿಂದ ಕೇಳಿ ಇಸ್ಕೊಳ್ಳಿ, ಹಾಕಿದ ಹೊಸದರ ನಂಬರನ್ನು ಚೀಟಿಯಲ್ಲಿ ಬರೆಸಿ.