ಪಳಪಳದಿಂದ ಪಿಕಾಪಿಕಾಗೆ: ಸಿನಿಮಾ ನೋಡಿ ಜಪಾನಿ ಕಲಿಯುವ ಬಗೆ

ಮಿಂಚು ಪಳಕ್ಕನೆ ಹೊಳೆಯುತ್ತದೆ, ಬೆಳಗಿದ ಚೊಂಬು ಪಳಪಳ ಹೊಳೆಯುತ್ತದೆ. ಥಟ್ಟನೆ ಆಗಿ ಮುಗಿದದ್ದಕ್ಕೆ ಒತ್ತಕ್ಷರ, ಆಗುತ್ತಲೇ ಇರುವುದಕ್ಕೆ ಜೋಡಿಪದ. ಜಪಾನಿಯಲ್ಲೂ ಲೆಕ್ಕ ಇದೇ: ಮಿಂಚು ‘ಪಿಕಾತ್ತೊ’, ಚೊಂಬು ‘ಪಿಕಾಪಿಕಾ’. ಅನುಕರಣ ಪದಗಳು ನಮ್ಮ ಬಾಯಲ್ಲಿ ಮೊದಲಿನಿಂದ ಇರುವುದರಿಂದ ಕನ್ನಡಿಗರು ಆ ವ್ಯಾಕರಣಕ್ಕೆ ಈ ಬಾಗಿಲಿನಿಂದ ಹೋಗುವುದೇ ಸುಲಭ.

ಮೊದಲು ಹಿರಗಾನಾ, ಕಟಕಾನಾ ಲಿಪಿಗಳನ್ನು ಕಲಿಯಿರಿ. ಒಂದೊಂದರಲ್ಲಿ 46 ಮೂಲಾಕ್ಷರ. ಸದ್ದಿನ ಪದಗಳು ಸಾಮಾನ್ಯವಾಗಿ ಕಟಕಾನಾದಲ್ಲಿ, ನೋಟ ಮತ್ತು ಮನಸ್ಥಿತಿಯ ಪದಗಳು ಹಿರಗಾನಾದಲ್ಲಿ. ಈ ಲಿಪಿಗಳು ಕೈಗೆ ಹತ್ತುವವರೆಗೆ ಟಿಪ್ಪಣಿ ಕನ್ನಡದಲ್ಲೇ ಇರಲಿ. ರೋಮನ್ ಲಿಪಿಯಲ್ಲಿ ಬರೆದುಕೊಂಡರೆ ದೀರ್ಘ ಸ್ವರ ಕೈತಪ್ಪುತ್ತದೆ.

ಈಗ ಪದವನ್ನು ವಾಕ್ಯಕ್ಕೆ ಸೇರಿಸುವ ಮೂರು ದಾರಿ. ‘ಸುರು’ (ಮಾಡು) ಸೇರಿದರೆ ಕ್ರಿಯಾಪದ: ‘ದೊಕಿದೊಕಿ ಸುರು’, ಎದೆ ಡವಡವ ಅನ್ನುವುದು. ‘ತೊ’ ಸೇರಿದರೆ ಕ್ರಿಯಾವಿಶೇಷಣ: ‘ಅಮೆ ಗ ಜ಼ಾಜ಼ಾ ತೊ ಫುರು’, ಮಳೆ ಧೋ ಎಂದು ಸುರಿಯುತ್ತದೆ. ಈ ‘ತೊ’ ಹೆಚ್ಚುಕಡಿಮೆ ನಮ್ಮ ‘ಎಂದು’. ‘ಹೋಗ್ತೀನಿ ಅಂತ ಹೇಳಿದ’ ಅನ್ನುವಲ್ಲಿನ ‘ಅಂತ’ಕ್ಕೂ ಅವರು ಇದನ್ನೇ ಬಳಸುತ್ತಾರೆ. ಜೋಡಿಪದವಾದ ಮೇಲೆ ಬರುವ ‘ತೊ’ ಬಿಟ್ಟರೂ ನಡೆಯುತ್ತದೆ, ‘ಪಿಕಾತ್ತೊ’ದಲ್ಲಿ ಬಿಡುವಂತಿಲ್ಲ. ಮೂರನೆಯದು, ‘ನೊ’ ಅಥವಾ ‘ದ’ ಸೇರಿದರೆ ಸ್ಥಿತಿ: ‘ಫುವಾಫುವಾ ನೊ ಪಾನ್’ ಎಂದರೆ ಮೆತ್ತನೆಯ ಬ್ರೆಡ್, ‘ಒನಾಕಾ ಗ ಪೆಕೊಪೆಕೊ ದ’ ಎಂದರೆ ಹೊಟ್ಟೆ ಚುರುಗುಟ್ಟುತ್ತಿದೆ.

ಎಡವುವುದು ಇಲ್ಲೇ. ಹಸಿವು ಹೇಳಲು ಹೋಗಿ ‘ಪೆಕೊಪೆಕೊ ಸುರು’ ಅಂದರೆ ಹಲ್ಲುಗಿಂಜುತ್ತ ಬಗ್ಗಿ ಬಗ್ಗಿ ನಮಸ್ಕರಿಸುವುದು ಎಂದಾಗುತ್ತದೆ. ಪದ ಒಂದೇ, ಬಾಲ ಬೇರೆ. ಆದ್ದರಿಂದ ಪದವನ್ನು ಒಂಟಿಯಾಗಿ ಬಾಯಿಪಾಠ ಮಾಡಬೇಡಿ, ಬಾಲದ ಸಮೇತ ಬರೆದಿಡಿ. ರಾಗವೂ ಬದಲಾಗುತ್ತದೆ: ‘ಪೆರಾಪೆರಾ ಹನಾಸು’ (ಪಟಪಟ ಮಾತಾಡು) ಅನ್ನುವಾಗ ಮೊದಲ ‘ಪೆ’ ಎತ್ತರದಲ್ಲಿ, ಆಮೇಲೆ ಇಳಿತ; ‘ಪೆರಾಪೆರಾ ದ’ (ಭಾಷೆ ಸರಾಗವಾಗಿ ಬರುತ್ತದೆ) ಅನ್ನುವಾಗ ಆ ಇಳಿತವಿಲ್ಲ.

ಇನ್ನು ಸಿನಿಮಾ. ಮಿಯಾಜ಼ಾಕಿ ಹಯಾಒ ನಿರ್ದೇಶಿಸಿದ ಅನಿಮೇಷನ್ ಚಿತ್ರ ‘ತೊನಾರಿ ನೊ ತೊತೊರೊ’ (1988) ಆರಂಭಕ್ಕೆ ಚೆನ್ನ. ಮಾತಾಡುವವರು ಹೆಚ್ಚಾಗಿ ಮಕ್ಕಳು, ವಾಕ್ಯಗಳು ಚಿಕ್ಕವು. ಇಡೀ ಚಿತ್ರ ಬೇಡ, ಎರಡು ಮೂರು ನಿಮಿಷದ ತುಣುಕು ಆರಿಸಿಕೊಳ್ಳಿ. ಒಮ್ಮೆ ಅಡಿಬರಹ ಇಲ್ಲದೆ, ಇನ್ನೊಮ್ಮೆ ಜಪಾನಿ ಅಡಿಬರಹದ ಜೊತೆ ನೋಡಿ. ಮೂರನೇ ಸಲ ಐದೇ ಐದು ಮಾತು ಬರೆದುಕೊಂಡು, ಕೊನೆಯಲ್ಲಿರುವ ಕ್ರಿಯಾಪದಕ್ಕೆ ಗೆರೆ ಎಳೆಯಿರಿ. ಆಮೇಲೆ ಪಾತ್ರದ ಜೊತೆಗೇ ಗಟ್ಟಿಯಾಗಿ ಹೇಳಿ.

ಆದರೆ ಪರದೆಯ ಮಳೆ ‘ಜ಼ಾಜ಼ಾ’ ಎಂದು ಹೇಳಿಕೊಡುವುದಿಲ್ಲ. ಮಾಂಗಾದಲ್ಲಿ (ಜಪಾನಿ ಕಾಮಿಕ್ಸ್) ಸದ್ದು ಅಕ್ಷರವಾಗಿ ಕಾಣುತ್ತದೆ, ಸಿನಿಮಾದಲ್ಲಿ ಬರೀ ಸದ್ದು. ಪದ ನೀವೇ ಹಾಕಬೇಕು. ಬಸ್ಸಿಗೆ ಕಾಯುವ ದೃಶ್ಯ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮರದಿಂದ ಹನಿ ಕೊಡೆಯ ಮೇಲೆ ಬೀಳುತ್ತಿರುವಾಗ ನಿಲ್ಲಿಸಿ ‘ಶಿಜ಼ುಕು ಗ ಪೊತಾಪೊತಾ ಒಚಿತೆ ಇರು’ ಎನ್ನಿ: ಹನಿ ಟಪಟಪ ಬೀಳುತ್ತಾ ಇದೆ. ‘-ತೆ ಇರು’ ನಮ್ಮ ‘-ತ್ತಾ ಇದೆ’ಯ ಕೆಲಸವನ್ನೇ ಮಾಡುತ್ತದೆ. ಚಿತ್ರದ ಕಾಡುಜೀವಿ ತೊತೊರೊ ಜಿಗಿದು ನೆಲಕ್ಕೆ ಬಿದ್ದಾಗ ಮರದ ನೀರೆಲ್ಲ ಒಮ್ಮೆಲೇ ಸುರಿಯುತ್ತದಲ್ಲ, ಅದಕ್ಕೆ ಒತ್ತಿನ ರೂಪ: ‘ಜ಼ಾತ್ತೊ’.

ಬೇರೆ ದೇಶದ ಚಿತ್ರದ ಜಪಾನಿ ಡಬ್ಬಿಂಗ್ ನಂಬಿ ಕೂರಬೇಡಿ. ಆಡುವ ಮಾತಿಗೂ ಅಡಿಬರಹಕ್ಕೂ ತಾಳೆಯಾಗದೆ ಹೊಸಬರು ತಬ್ಬಿಬ್ಬಾಗುತ್ತಾರೆ. ಹೊಡೆದಾಟದ ಚಿತ್ರಗಳಿಂದ ‘ಒರೆ’ (ನಾನು), ‘ಒಮಾಎ’ (ನೀನು) ಎತ್ತಿಕೊಂಡು ಬರುವವರೂ ಇದ್ದಾರೆ. ಕಚೇರಿಯಲ್ಲಿ ಅವು ಒರಟು. ‘ವತಾಶಿ’ ಸಾಕು, ಎದುರಿನವರನ್ನು ಹೆಸರಿನ ಕೊನೆಗೆ ‘ಸಾನ್’ ಸೇರಿಸಿ ಕರೆಯಿರಿ.