ಟೈಮಿಂಗ್ ಬೆಲ್ಟ್ ಬದಲಿಸುವಾಗ ಕೂಲಂಟ್ ಕೆಲಸವನ್ನೂ ಮುಗಿಸಿಬಿಡಿ

ಬೆಲ್ಟ್ ಈಗ, ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಆಮೇಲೆ ನೋಡೋಣ ಅಂತ ಇಟ್ಟುಕೊಳ್ಳಬೇಡಿ. ಪಿಸ್ಟನ್‌ಗಳಿಂದ ತಿರುಗುವ ಕ್ರ್ಯಾಂಕ್ ದಂಡ, ವಾಲ್ವ್ ತೆರೆಯುವ ಕ್ಯಾಮ್ ದಂಡ, ಇವೆರಡೂ ತಾಳ ತಪ್ಪದೆ ತಿರುಗುವಂತೆ ಜೋಡಿಸುವ ಹಲ್ಲಿನ ಬೆಲ್ಟೇ ಟೈಮಿಂಗ್ ಬೆಲ್ಟ್. ಬಹಳಷ್ಟು ಎಂಜಿನ್‌ಗಳಲ್ಲಿ ವಾಟರ್ ಪಂಪನ್ನು ತಿರುಗಿಸುವುದೂ ಟೈಮಿಂಗ್ ಬೆಲ್ಟೇ. ಹೊಸ ಬೆಲ್ಟ್ ಹಾಕಿ ಹಳೇ ಪಂಪನ್ನು ಹಾಗೇ ಬಿಟ್ಟರೆ, ಅದು ಸೋರೋಕೆ ಶುರುವಾದ ದಿನ ಇಷ್ಟನ್ನೂ ಮತ್ತೆ ಬಿಚ್ಚಬೇಕು. ಪಂಪ್ ಬಿಚ್ಚಿದರೆ ಕೂಲಂಟ್ ಹೇಗೂ ಖಾಲಿಯಾಗುತ್ತದೆ, ಅಲ್ವಾ? ಹಾಗಾಗಿ ಬೆಲ್ಟ್, ಟೆನ್ಷನರ್ (ಬೆಲ್ಟನ್ನು ಬಿಗಿಯಾಗಿಡುವ ಚಕ್ರ), ಐಡ್ಲರ್ (ಬೆಲ್ಟಿಗೆ ದಾರಿ ತೋರಿಸುವ ಚಕ್ರ), ಪಂಪ್ ಎಲ್ಲವನ್ನೂ ಒಟ್ಟಿಗೇ ತನ್ನಿ.

ಮೊದಲು ಗಾಡಿಯ ಮ್ಯಾನುಯಲ್ ನೋಡಿ. ನಿಮ್ಮದು ಬೆಲ್ಟೋ ಚೈನೋ ಗೊತ್ತಾಗಲಿ. ಚೈನ್ ಆಗಿದ್ದರೆ ಕೂಲಂಟ್ ಭಾಗವನ್ನಷ್ಟೇ ಓದಿ. ಎಷ್ಟೋ ಗಾಡಿಗಳಿಗೆ 60,000ದಿಂದ 1,00,000 ಕಿಲೋಮೀಟರ್ ಒಳಗೆ ಬೆಲ್ಟ್ ಬದಲಿಸಲು ಹೇಳಿರುತ್ತಾರೆ, ಜೊತೆಗೆ ಇಷ್ಟು ವರ್ಷ ಅಂತಲೂ ಇರುತ್ತದೆ. ಯಾವುದು ಮೊದಲು ಬರುತ್ತದೋ ಅದು. ಗಾಡಿ ಸುಮ್ನೆ ನಿಂತಿದ್ದರೂ ರಬ್ಬರ್ ಹಳತಾಗುತ್ತದೆ. ಇಂಟರ್‌ಫಿಯರೆನ್ಸ್ ಎಂಜಿನ್‌ನಲ್ಲಿ (ಪಿಸ್ಟನ್, ವಾಲ್ವ್ ಎರಡೂ ಬೇರೆಬೇರೆ ಹೊತ್ತಿಗೆ ಒಂದೇ ಜಾಗಕ್ಕೆ ಬರುವಂಥದ್ದು) ಬೆಲ್ಟ್ ಹರಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ, ವಾಲ್ವ್ ಬಗ್ಗುತ್ತದೆ.

ನನ್ನ ಪ್ರಕಾರ ಫ್ಲಶ್ (ಒಳಗೆಲ್ಲ ನೀರು ಓಡಿಸಿ ತೊಳೆಯುವುದು) ಮೊದಲು, ಬಿಚ್ಚುವುದು ಆಮೇಲೆ. ಫ್ಲಶ್ ಮಾಡೋಕೆ ಎಂಜಿನ್ ಓಡಬೇಕು, ಒಳಗಿನ ಕೊಳೆಯೆಲ್ಲ ಪಂಪಿನ ಮೂಲಕವೇ ಸುತ್ತುತ್ತದೆ. ಅದನ್ನು ಹಳೇ ಪಂಪೇ ಅನುಭವಿಸಲಿ.

ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಬಿಸಿ ಇರುವಾಗ ಒಳಗೆ ಒತ್ತಡ ಇರುತ್ತದೆ, ಕುದಿಯುವ ಕೂಲಂಟ್ ಮುಖಕ್ಕೇ ಹಾರುತ್ತದೆ. ಕೆಳಗೆ ಅಗಲವಾದ ಟಬ್ ಇಟ್ಟು ಡ್ರೈನ್ ಪ್ಲಗ್ ಬಿಡಿಸಿ. ಪ್ಲಗ್ ಇಲ್ಲದಿದ್ದರೆ ಕೆಳಗಿನ ಹೋಸ್ ಕಳಚಿ. ಎಲ್ಲ ಇಳಿದ ಮೇಲೆ ಪ್ಲಗ್ ಹಾಕಿ, ಡಿಸ್ಟಿಲ್ಡ್ ವಾಟರ್ ತುಂಬಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಗಾಳಿಯಾಡುವ ಜಾಗದಲ್ಲಿ ಎಂಜಿನ್ ಓಡಿಸಿ. ಮೇಲಿನ ಹೋಸ್ ಬಿಸಿಯಾದರೆ ಥರ್ಮೋಸ್ಟಾಟ್ (ಬಿಸಿಯಾದಾಗ ರೇಡಿಯೇಟರಿಗೆ ದಾರಿ ಬಿಡುವ ವಾಲ್ವ್) ತೆರೆದಿದೆ ಅಂತ ಅರ್ಥ. ಇನ್ನು ಸ್ವಲ್ಪ ಹೊತ್ತು ಓಡಿಸಿ, ಆರಲು ಬಿಟ್ಟು ಮತ್ತೆ ಇಳಿಸಿ. ನೀರು ತಿಳಿಯಾಗಿ ಬರುವವರೆಗೂ ಇದೇ ಕೆಲಸ. ನಲ್ಲಿ ನೀರು ಬೇಡ, ಒಳಗೆ ಬಿಳಿ ಗಾರೆ ಕಟ್ಟುತ್ತದೆ. ಹಳೇ ಕೂಲಂಟನ್ನು ಚರಂಡಿಗೆ ಸುರಿಯಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ರುಚಿ ಮಾತ್ರ ಸಿಹಿ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ. ಕ್ಯಾನಿಗೆ ತುಂಬಿ ಮುಚ್ಚಿ, ಹಳೇ ಆಯಿಲ್, ಕೂಲಂಟ್ ತೆಗೆದುಕೊಳ್ಳುವ ಕಡೆ ಕೊಡಿ.

ಇನ್ನು ಬೆಲ್ಟ್. ಬ್ಯಾಟರಿಯ ನೆಗೆಟಿವ್ ಕಳಚಿ. ಗಾಡಿ ಎತ್ತಿದರೆ ಸ್ಟ್ಯಾಂಡ್ ಕೊಡಿ, ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಎಷ್ಟೋ ಗಾಡಿಗಳಲ್ಲಿ ಒಂದು ಎಂಜಿನ್ ಮೌಂಟ್ ಬಿಚ್ಚಬೇಕಾಗುತ್ತದೆ, ಆಗ ಆಯಿಲ್ ಪ್ಯಾನ್ ಕೆಳಗೆ ಮರದ ಹಲಗೆ ಇಟ್ಟು ಜಾಕ್‌ನಿಂದ ಎಂಜಿನ್‌ಗೆ ಆಸರೆ ಕೊಡಿ. ಪೆಟ್ರೋಲ್ ಎಂಜಿನ್ ಆದರೆ ಸ್ಪಾರ್ಕ್ ಪ್ಲಗ್ ತೆಗೆದಿಡಿ, ಕೈಯಲ್ಲಿ ತಿರುಗಿಸೋಕೆ ಸಲೀಸು. ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ಓಡುವ ದಿಕ್ಕಿಗೇ ತಿರುಗಿಸುತ್ತಾ ಕ್ರ್ಯಾಂಕ್ ಮತ್ತು ಕ್ಯಾಮ್ ಎರಡರ ಗುರುತುಗಳನ್ನೂ ಸರಿಯಾಗಿ ಕೂಡಿಸಿ. ಕ್ರ್ಯಾಂಕ್ ಎರಡು ಸುತ್ತು ಹೋದರೆ ಕ್ಯಾಮ್ ಒಂದೇ ಸುತ್ತು, ಹಾಗಾಗಿ ಕ್ರ್ಯಾಂಕ್ ಗುರುತು ಒಂದನ್ನೇ ನೋಡಿ ಮೋಸಹೋಗಬೇಡಿ. ಕ್ರ್ಯಾಂಕ್, ಕ್ಯಾಮ್ ಅಲುಗದಂತೆ ಹಿಡಿಯುವ ಲಾಕಿಂಗ್ ಟೂಲ್ ಸಿಕ್ಕರೆ ಹಾಕಿ. ಕ್ರ್ಯಾಂಕ್ ಪುಲ್ಲಿಯ ಬೋಲ್ಟ್ ಹಟ ಮಾಡುತ್ತದೆ, ಉದ್ದ ಹಿಡಿಯ ರೆಂಚ್ ಬೇಕು.

ಪುಲ್ಲಿ, ಕವರ್ ತೆಗೆದು, ಟೆನ್ಷನರ್ ಸಡಿಲಿಸಿ ಬೆಲ್ಟ್ ಕಳಚಿದ ಮೇಲೆ ಕ್ರ್ಯಾಂಕನ್ನಾಗಲಿ ಕ್ಯಾಮನ್ನಾಗಲಿ ತಿರುಗಿಸಬೇಡಿ. ಪಂಪ್ ತೆಗೆಯುವಾಗ ಬ್ಲಾಕಿನಲ್ಲಿ ಉಳಿದ ನೀರು ಸುರಿಯುತ್ತದೆ, ಟಬ್ ಅಲ್ಲೇ ಇರಲಿ. ಹಳೇ ಗ್ಯಾಸ್ಕೆಟ್ ಚೂರು ಒಂದೂ ಉಳಿಯದಂತೆ ಒರೆಸಿ ಹೊಸ ಪಂಪ್ ಕೂರಿಸಿ. ಕ್ಯಾಮ್, ಕ್ರ್ಯಾಂಕ್ ಸೀಲಿನ ಹತ್ತಿರ ಆಯಿಲ್ ಜಿನುಗಿದ್ದರೆ ಅದನ್ನೂ ಈಗಲೇ ಬದಲಿಸಿ, ಆಯಿಲ್ ತಾಗಿದ ಬೆಲ್ಟ್ ಬಾಳಿಕೆ ಬರುವುದಿಲ್ಲ.

ಹೊಸ ಬೆಲ್ಟನ್ನು ಕ್ರ್ಯಾಂಕಿನಿಂದ ಶುರುಮಾಡಿ, ಟೆನ್ಷನರ್ ಇಲ್ಲದ ಬದಿಯನ್ನು ಬಿಗಿಯಾಗಿ ಹಿಡಿದುಕೊಂಡೇ ಕ್ಯಾಮ್ ಮೇಲೆ ತನ್ನಿ. ಸಡಿಲವೆಲ್ಲ ಟೆನ್ಷನರ್ ಕಡೆಗೇ ಉಳಿಯಬೇಕು. ಮ್ಯಾನುಯಲ್ ಹೇಳಿದ ಹಾಗೆ ಬಿಗಿ ಕೊಟ್ಟು, ಕೈಯಲ್ಲೇ ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ನಿಲ್ಲಿಸಿ, ಬಲ ಹಾಕಬೇಡಿ, ಅದು ವಾಲ್ವೇ ಇರಬಹುದು. ಈಗ ಮತ್ತೆ ಗುರುತು ನೋಡಿ. ಬೆಲ್ಟಿನ ಮೇಲೆ ಬರೆದಿರುವ ಗೆರೆಗಳು ಈ ಸಲ ಕೂಡುವುದಿಲ್ಲ, ಗಾಬರಿ ಬೇಡ, ಅವು ಹಾಕುವಾಗ ಮಾತ್ರ ಉಪಯೋಗಕ್ಕೆ ಬರುವಂಥವು. ಹಲ್ಲುಚಕ್ರಗಳ ಗುರುತು ಕೂಡಿದರೆ ಸಾಕು. ಒಂದು ಹಲ್ಲು ಆಚೀಚೆ ಇದ್ದರೂ ಬಿಚ್ಚಿ ಮತ್ತೆ ಹಾಕಿ. ಆಮೇಲೆ ಮೌಂಟ್, ಕವರ್, ಪುಲ್ಲಿ, ಎಲ್ಲ ಬೋಲ್ಟೂ ಟಾರ್ಕ್ ರೆಂಚಿನಲ್ಲಿ (ಬಿಗಿಯನ್ನು ಅಳೆದು ಕೊಡುವ ರೆಂಚ್) ಬಿಗಿಯಾಗಲಿ.

ಕೂಲಂಟ್ ತುಂಬುವಾಗ ಸಣ್ಣ ಲೆಕ್ಕ ಇದೆ. ಫ್ಲಶ್ ಮಾಡಿದ ನೀರು ಹೀಟರ್, ಬ್ಲಾಕ್ ಒಳಗೆ ಸ್ವಲ್ಪ ಉಳಿದೇ ಇರುತ್ತದೆ. ಮೊದಲೇ ನೀರು ಬೆರೆಸಿದ ರೆಡಿ ಮಿಕ್ಸ್ ಕೂಲಂಟ್ ಸುರಿದರೆ ಅದು ತೆಳುವಾಗುತ್ತದೆ. ಅದಕ್ಕೇ ನೀರು ಬೆರೆಸದ ಕಾನ್ಸಂಟ್ರೇಟ್ ತನ್ನಿ. ಒಟ್ಟು 6 ಲೀಟರ್ ಹಿಡಿಯುವ ಗಾಡಿಯಾದರೆ ಮೊದಲು 3 ಲೀಟರ್ ಕಾನ್ಸಂಟ್ರೇಟ್, ಆಮೇಲೆ ತುಂಬುವಷ್ಟು ಡಿಸ್ಟಿಲ್ಡ್ ವಾಟರ್. ಬಣ್ಣ ನೋಡಿ ಕೂಲಂಟ್ ಕೊಳ್ಳಬೇಡಿ, ಮ್ಯಾನುಯಲ್ ಹೇಳಿದ ಜಾತಿಯದೇ ಬೇಕು. ಗಾಳಿ ಹೋಗೋಕೆ ಬ್ಲೀಡ್ ಸ್ಕ್ರೂ ಇದ್ದರೆ ಅದರಿಂದ ಗುಳ್ಳೆಯಿಲ್ಲದೆ ಕೂಲಂಟ್ ಬರುವವರೆಗೆ ತೆರೆದಿಡಿ.

ಬ್ಯಾಟರಿ, ಸ್ಪಾರ್ಕ್ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ, ಹೀಟರ್ ಬಿಸಿಯಲ್ಲೇ ಇರಲಿ. ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿಡಿ. ಎಂಜಿನ್ ಬಿಸಿಯಾದರೂ ಹೀಟರ್ ತಣ್ಣನೆ ಗಾಳಿ ಬಿಟ್ಟರೆ ಒಳಗೆ ಇನ್ನೂ ಗಾಳಿ ಸಿಕ್ಕಿಕೊಂಡಿದೆ. ಬೆಲ್ಟಿನ ಕಡೆಯಿಂದ ಕೊಯ್ಯೋ ಅನ್ನುವ ಸದ್ದು ಬಂದರೆ ಬಿಗಿ ಜಾಸ್ತಿಯಾಗಿರಬಹುದು, ಆಫ್ ಮಾಡಿ ಟೆನ್ಷನರ್ ಮತ್ತೆ ನೋಡಿ. ಮಾರನೇ ದಿನ ತಣ್ಣಗಿರುವಾಗ ಮಟ್ಟ ನೋಡಿದರೆ ಸ್ವಲ್ಪ ಇಳಿದಿರುತ್ತದೆ, ತುಂಬಿಸಿ. ಬದಲಿಸಿದ ತಾರೀಖು, ಕಿಲೋಮೀಟರ್ ಬರೆದು ಬಾನೆಟ್ ಒಳಗೆ ಅಂಟಿಸಿಡಿ.